ನಿಮಗಿದು ಗೊತ್ತೆ? ಏರಿಗಿಂತ ಇಳಿಜಾರೇ ಕಾಡುತ್ತದೆ!
ಥಾಣೆ, ಡೊಂಬಿವಲಿ, ಕಲ್ಯಾಣ್‌ನ ಸಮತಟ್ಟು ರಸ್ತೆಗಳಲ್ಲಿ ಪಳಗಿದವರು ಸಾತಾರಾ ಹಿಲ್ ಹಾಫ್ ಮ್ಯಾರಥಾನ್‌ಗೆ ಹೆಸರು ಕೊಟ್ಟರೆ ಹೆದರುವುದು ಯವತೇಶ್ವರ ಘಾಟಿಯ ಏರಿಗೆ. ಆದರೆ ತೊಡೆಯ ಲೆಕ್ಕವೇ ಬೇರೆ. ಶರೀರಕ್ರಿಯಾ ತಜ್ಞ ಆಲ್ಬರ್ಟೊ ಮಿನೆಟ್ಟಿ ತಂಡ 2002ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಶೇ 20ರ ಇಳಿಜಾರಿನಲ್ಲಿ ಓಡಲು ಸಮತಟ್ಟಿಗೆ ಬೇಕಾದ ಶಕ್ತಿಯ ಸುಮಾರು ಅರ್ಧ ಸಾಕು. ಹಾಗಾದರೆ ಇಳಿಯುವುದು ಸುಲಭವಲ್ಲವೇ? ಉಸಿರಿಗೆ ಹೌದು, ಸ್ನಾಯುವಿಗಲ್ಲ. ಹೆಜ್ಜೆಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬಿಗಿದು ದೇಹದ ಭಾರವನ್ನು ತಡೆಯಬೇಕು. ಅದರ ಎಳೆಗಳಿಗೆ ಸೂಕ್ಷ್ಮ ಗಾಯವಾಗುತ್ತದೆ. ಮಾರನೆಯ ದಿನ ರೈಲು ನಿಲ್ದಾಣದ ಮೇಲ್ಸೇತುವೆ ಹತ್ತುವಾಗ ಅಷ್ಟಾಗಿ ತಿಳಿಯದು, ಇಳಿಯುವಾಗ ಮಾತ್ರ ಕಂಬಿಯೇ ಗತಿ.

ಓಟದ ತಯಾರಿಗೆ ಕಟ್ಟಡದ ಮೆಟ್ಟಿಲು ಹತ್ತಿದರೆ ಸಾಲದೇ ಎನ್ನುವವರಿದ್ದಾರೆ. ಹತ್ತಿ, ಲಿಫ್ಟಿನಲ್ಲಿ ಇಳಿದರೆ (ಹೆಚ್ಚಿನವರು ಮಾಡುವುದು ಅದನ್ನೇ) ಬೇಕಾದ ಅಭ್ಯಾಸವೇ ತಪ್ಪುತ್ತದೆ. ಒಮ್ಮೆ ಇಳಿಜಾರಿನ ಪೆಟ್ಟು ತಿಂದ ಸ್ನಾಯು ಮುಂದಿನ ಕೆಲವು ವಾರ ಅಂಥ ಪೆಟ್ಟಿಗೆ ಕಡಿಮೆ ನೋಯುತ್ತದೆಂಬುದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಹಾಗಾಗಿ ಥಾಣೆಯವರು ಯೇವೂರ್‌ ಗುಡ್ಡದಲ್ಲಿ, ನವಿಮುಂಬಯಿಯವರು ಪಾರ್ಸಿಕ್ ಗುಡ್ಡದಲ್ಲಿ ಓಟಕ್ಕೆ ಎರಡು-ಮೂರು ವಾರ ಮೊದಲೇ ಓಡುತ್ತ ಇಳಿದು ನೋಡುವುದು ಲೇಸು. ಇನ್ನು ಎತ್ತರದಲ್ಲಿ ಆಮ್ಲಜನಕ ಕಡಿಮೆಯೆಂಬ ಅಂಜಿಕೆ: ಸಾತಾರಾ ಭಾಗದ ಕಾಸ್ ಪ್ರಸ್ಥಭೂಮಿಯೇ ಸುಮಾರು 1,200 ಮೀಟರ್. ಆರೋಗ್ಯವಂತರಿಗೆ ಅದು ದೊಡ್ಡ ತೊಡಕಲ್ಲ.