ಪ್ರೊಸೆಸರಿನ ಶಿರಸ್ತ್ರಾಣವನ್ನು ಕಳಚಬಹುದೆ?

ಗಣಕಯಂತ್ರದ ಪ್ರೊಸೆಸರನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಕಾಣುವುದು ಬೆಳ್ಳಿಯಂತೆ ಹೊಳೆಯುವ ಒಂದು ಲೋಹದ ಮುಚ್ಚಳ. ಅದೇ ಪ್ರೊಸೆಸರೆಂದು ಅನೇಕರು ಭಾವಿಸುವುದುಂಟು. ವಾಸ್ತವವಾಗಿ ಅದು ನಿಕಲ್ ಲೇಪಿಸಿದ ತಾಮ್ರದ ಶಿರಸ್ತ್ರಾಣ ಮಾತ್ರ. ಲೆಕ್ಕ ಮಾಡುವ ಸಿಲಿಕಾನ್ ಬಿಲ್ಲೆ ಅದರಡಿಯಲ್ಲಿ ಅಡಗಿದೆ. ಯಂತ್ರವನ್ನು ಇನ್ನಷ್ಟು ತಂಪಾಗಿಟ್ಟು, ನಿಗದಿಗಿಂತ ಹೆಚ್ಚಿನ ವೇಗದಲ್ಲಿ ಓಡಿಸಬೇಕೆಂಬ ಹವ್ಯಾಸಿಗಳು ಈ ಮುಚ್ಚಳವನ್ನೇ ಕಿತ್ತುಹಾಕುತ್ತಾರೆ. ಇದರಿಂದ ಲಾಭವಿದೆಯೆ? ಇದೆ. ಆದರೆ ಆ ಲಾಭ ಎಲ್ಲಿಂದ ಬರುತ್ತದೆ, ಅದಕ್ಕೆ ತೆರಬೇಕಾದ ಬೆಲೆಯೇನು ಎಂಬುದನ್ನು ಮೊದಲು ತಿಳಿಯಬೇಕು.

2012ರಲ್ಲಿ ಇಂಟೆಲ್ ಸಂಸ್ಥೆ ಹೊರತಂದ ಐವಿ ಬ್ರಿಡ್ಜ್ ಪ್ರೊಸೆಸರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ನಾಲ್ಕು ಕೋರುಗಳ ಆ ಬಿಲ್ಲೆಯ ವಿಸ್ತೀರ್ಣ ಸುಮಾರು 160 ಚದರ ಮಿಲಿಮೀಟರು, ಎಂದರೆ ಹೆಬ್ಬೆರಳಿನ ಉಗುರಿನಷ್ಟು. ಅದರಲ್ಲಿ 140 ಕೋಟಿ ಟ್ರಾನ್ಸಿಸ್ಟರುಗಳಿವೆ. ಅದು ಹೊರಸೂಸುವ ಶಾಖ 77 ವ್ಯಾಟ್. ಚದರ ಸೆಂಟಿಮೀಟರಿಗೆ 48 ವ್ಯಾಟ್ ಆಯಿತು. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆಯ ತಳ 200 ಚದರ ಸೆಂಟಿಮೀಟರ್ ಇದ್ದರೆ ಅಲ್ಲಿ ಈ ಪ್ರಮಾಣ ಕೇವಲ 5 ವ್ಯಾಟ್!

ಈ ಶಾಖವು ಬಿಲ್ಲೆಯಿಂದ ಮುಚ್ಚಳಕ್ಕೆ, ಅಲ್ಲಿಂದ ಫ್ಯಾನಿರುವ ಕೂಲರಿಗೆ ಹರಿದುಹೋಗಬೇಕು. 2011ರ ಸ್ಯಾಂಡಿ ಬ್ರಿಡ್ಜ್‌ನಲ್ಲಿ ಬಿಲ್ಲೆಯನ್ನು ಮುಚ್ಚಳಕ್ಕೆ ಲೋಹದಿಂದ ಬೆಸೆದಿದ್ದರು. ಐವಿ ಬ್ರಿಡ್ಜ್‌ನಲ್ಲಿ ಬೆಸುಗೆಯ ಬದಲು ಒಂದು ಬಗೆಯ ಲೇಹ್ಯದಂತಹ ಪದಾರ್ಥವನ್ನು ತುಂಬಿದರು. ತಾಮ್ರದ ಉಷ್ಣವಾಹಕತೆ ಸುಮಾರು 400 ಎಂದಿಟ್ಟುಕೊಂಡರೆ, ಬೆಸುಗೆಯಲ್ಲಿ ಬಳಸುವ ಇಂಡಿಯಂ ಲೋಹದ್ದು ಸುಮಾರು 80. ಇಂತಹ ಲೇಹ್ಯದ್ದು 4 ಎನ್ನೋಣ. ಲೇಹ್ಯದ ಪದರ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟೇ ದಪ್ಪವಿದ್ದರೂ, ಆ ಪದರದ ಎರಡು ಮೈಗಳ ನಡುವೆ 12 ಡಿಗ್ರಿಗಳ ಅಂತರವುಂಟಾಗುತ್ತದೆ. ಇಂಡಿಯಂ ಇದ್ದರೆ ಒಂದು ಡಿಗ್ರಿಯೂ ಆಗದು. ಪದರವನ್ನು ಅರ್ಧದಷ್ಟು ತೆಳುವಾಗಿಸಿದರೆ ಅಂತರವೂ ಅರ್ಧವಾಗುತ್ತದೆ. ಆದುದರಿಂದ ದೋಷ ಮುಚ್ಚಳದ್ದಲ್ಲ, ಅದರ ಕೆಳಗಿನ ಸಂದಿನದು. ಮುಚ್ಚಳವನ್ನು ಅಂಟಿಸಿದ ಗೋಂದಿನ ದಪ್ಪವೇ ಆ ಸಂದನ್ನು ಹಿಗ್ಗಿಸಿತ್ತು. ಮುಚ್ಚಳ ತೆಗೆದು, ಗೋಂದನ್ನು ಕೆರೆದು, ಹೊಸ ಲೇಪ ಹಚ್ಚಿ ಮತ್ತೆ ಮುಚ್ಚಿದವರಿಗೆ 10ರಿಂದ 20 ಡಿಗ್ರಿಗಳ ಇಳಿತ ದೊರೆಯಿತು.

ಕಳಚುವ ಕ್ರಮವೇ ಅಪಾಯದ ಮೊದಲ ಮೆಟ್ಟಿಲು. ಕೆಲವರು ಕ್ಷೌರದ ಬ್ಲೇಡನ್ನು ಗೋಂದಿನೊಳಗೆ ತೂರಿಸಿದರು. ಮುಚ್ಚಳದ ಕೆಳಗಿನ ಹಸಿರು ಹಲಗೆಯಲ್ಲಿ ಕೂದಲಿಗಿಂತ ಸೂಕ್ಷ್ಮವಾದ ತಾಮ್ರದ ಗೆರೆಗಳು ಪದರ ಪದರವಾಗಿ ಹರಡಿರುತ್ತವೆ. ಬ್ಲೇಡು ಸ್ವಲ್ಪ ಕೆಳಕ್ಕೆ ಜಾರಿದರೆ ಒಂದು ಗೆರೆ ತುಂಡಾಗುತ್ತದೆ. ಸ್ವಲ್ಪ ಒಳಕ್ಕೆ ಹೋದರೆ ಬಿಲ್ಲೆಯ ಅಂಚು ಸಿಡಿಯುತ್ತದೆ. ಮತ್ತೆ ಕೆಲವರು ಮುಚ್ಚಳವನ್ನು ವೈಸ್‌ನಲ್ಲಿ ಬಿಗಿದು, ಮರದ ತುಂಡನ್ನಿಟ್ಟು ಸುತ್ತಿಗೆಯಿಂದ ಹೊಡೆದರು. ಇದಕ್ಕಿಂತ ತಿರುಪಿನಿಂದ ಮೆಲ್ಲನೆ ಜಾರಿಸುವ ಸಾಧನಗಳು ಎಷ್ಟೋ ಮೇಲು. ಉಪಕರಣ ಯಾವುದಾದರೂ ಆಗಲಿ, ಕಳಚಿದ ಕ್ಷಣವೇ ತಯಾರಕರ ವಾರಂಟಿ ಕೊನೆಗೊಳ್ಳುತ್ತದೆ. ತಿಂಗಳುಗಟ್ಟಲೆ ಹಣ ಕೂಡಿಟ್ಟು ಕೊಂಡ ವಿದ್ಯಾರ್ಥಿಗೆ ಇದು ಸಣ್ಣ ಮಾತಲ್ಲ.

ಹೊಸ ಲೇಪವಾಗಿ ಹಲವರು ಬಳಸುವ ದ್ರವಲೋಹ ಗ್ಯಾಲಿಯಂ, ಇಂಡಿಯಂ ಮತ್ತು ತವರಗಳ ಮಿಶ್ರಣ. ಉಷ್ಣವನ್ನು ಅದು ಸೊಗಸಾಗಿ ಒಯ್ಯುತ್ತದೆ; ವಿದ್ಯುತ್ತನ್ನೂ ಒಯ್ಯುತ್ತದೆ! 2013ರ ಹ್ಯಾಸ್ವೆಲ್ ಪ್ರೊಸೆಸರುಗಳಲ್ಲಿ ಬಿಲ್ಲೆಯ ಪಕ್ಕದಲ್ಲೇ ಪುಟ್ಟ ಬಿಡಿಭಾಗಗಳ ಸಾಲಿತ್ತು. ಒಂದು ಹನಿ ಅಲ್ಲಿಗೆ ಸೋರಿದರೆ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಇದನ್ನು ತಡೆಯಲು ಹವ್ಯಾಸಿಗಳು ಉಗುರುಬಣ್ಣ ಬಳಿಯುತ್ತಾರೆ. ಅಲ್ಯುಮಿನಿಯಮ್ಮಿನ ಕೂಲರಿಗಂತೂ ಈ ದ್ರವ ತಾಗಲೇಕೂಡದು. ಗ್ಯಾಲಿಯಂ ಆ ಲೋಹದ ಕಣಗಳ ನಡುವೆ ನುಸುಳಿ ಅದನ್ನು ಪುಡಿಪುಡಿಯಾಗುವಂತೆ ಮಾಡುತ್ತದೆ.

ಮುಚ್ಚಳವನ್ನು ಮರಳಿ ಹಾಕದೆ ಕೂಲರನ್ನು ನೇರವಾಗಿ ಬಿಲ್ಲೆಯ ಮೇಲೆಯೇ ಕೂರಿಸಬಾರದೇಕೆ ಎಂದು ಕೇಳಬಹುದು. 2000ದ ಸುಮಾರಿನ ಎಎಂಡಿ ಅಥ್ಲಾನ್‌ಗಳು ಹಾಗೆಯೇ ಬರಿದಲೆಯಲ್ಲಿದ್ದವು. ಕೂಲರು ಓರೆಯಾಗಿ ಕೂತರೆ ಮೂಲೆ ಮುರಿಯುತ್ತಿತ್ತು. 2003ರ ಅಥ್ಲಾನ್ 64ಕ್ಕೆ ಮುಚ್ಚಳ ಬಂದಿತು.

2018ರಲ್ಲಿ ಇಂಟೆಲ್ ತನ್ನ ಕೋರ್ ಐ9-9900ಕೆ ಪ್ರೊಸೆಸರಿಗೆ ಮತ್ತೆ ಬೆಸುಗೆಯನ್ನೇ ಬಳಸಿತು. ಅಂತಹವುಗಳ ಮುಚ್ಚಳವನ್ನು ಬಲವಂತವಾಗಿ ಎಳೆದರೆ ಬಿಲ್ಲೆಯೂ ಕಿತ್ತು ಬಂದೀತು. ಇಂಡಿಯಂ ಕರಗುವುದು ಸುಮಾರು 157 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಕಳಚಬಯಸುವವನು ಇಡೀ ಪ್ರೊಸೆಸರನ್ನು ಅಷ್ಟು ಕಾಯಿಸಬೇಕಾಗಬಹುದು, ಸಿಗುವ ಇಳಿತವೋ ಲೇಹ್ಯದ ಪ್ರೊಸೆಸರುಗಳಲ್ಲಿ ಸಿಕ್ಕುದಕ್ಕಿಂತ ಕಡಿಮೆ.