ತಟ್ಟೆ ತಿರುಗುತ್ತೆ, ಅನ್ನ ಮಾತ್ರ ತಣ್ಣಗೆ!

ಮೈಕ್ರೋವೇವ್ ಓವನ್‌ನಲ್ಲಿ ಲೈಟ್ ಉರಿಯುತ್ತೆ, ತಟ್ಟೆ ತಿರುಗುತ್ತೆ, ಕೊನೆಗೆ ಬೀಪ್ ಅಂತಲೂ ಅನ್ನುತ್ತೆ. ಅನ್ನ ಮಾತ್ರ ಇಟ್ಟಾಗ ಹೇಗಿತ್ತೋ ಹಾಗೇ ತಣ್ಣಗೆ! ಓವನ್ನೇ ಹೋಯ್ತು ಅಂದ್ಕೋಬೇಡಿ. ಮೊದಲು ಬಾಗಿಲು ನೋಡಿ.

ಬಾಗಿಲಿನ ಅಂಚಲ್ಲಿ ಪ್ಲಾಸ್ಟಿಕ್ ಕೊಕ್ಕೆಗಳಿವೆಯಲ್ಲ, ಬಾಗಿಲು ಹಾಕಿದಾಗ ಇವು ಎದುರಿನ ಕಿಂಡಿಯೊಳಗೆ ಹೋಗಿ ಪುಟ್ಟ ಸ್ವಿಚ್‌ಗಳನ್ನ ಒತ್ತುತ್ತವೆ. ಸಾಮಾನ್ಯವಾಗಿ 3 ಸ್ವಿಚ್ ಇರ್ತವೆ. ಬಾಗಿಲು ಪೂರ್ತಿ ಮುಚ್ಚಿದೆ ಅಂತ ಇವುಗಳಿಂದ ಖಾತ್ರಿ ಆಗೋವರೆಗೂ, ಬಿಸಿ ಮಾಡೋ ಮ್ಯಾಗ್ನೆಟ್ರಾನ್‌ಗೆ ಕರೆಂಟ್ ಹೋಗಲ್ಲ. ಮೈಕ್ರೋವೇವ್ ಅಲೆಗಳು ಹೊರಗೆ ಬಂದು ನಮಗೆ ತಾಗಬಾರದು ಅಂತಲೇ ಈ ಏರ್ಪಾಡು. ಕೆಲವು ಮಾಡೆಲ್‌ಗಳಲ್ಲಿ ಒಂದು ಸ್ವಿಚ್ ಕೈಕೊಟ್ಟರೂ ಲೈಟು, ತಟ್ಟೆ ನಡೀತಾನೇ ಇರ್ತವೆ, ಶಾಖ ಮಾತ್ರ ಇರಲ್ಲ.

ಈಗ ಪ್ಲಗ್ ತೆಗೀರಿ. ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಕೊಕ್ಕೆ, ಬಾಗಿಲಿನ ಅಂಚು ಒರೆಸಿ. ಒಣಗಿದ ಸಾರಿನ ಒಂದು ಹನಿ ಸಾಕು, ಬಾಗಿಲು ಪೂರ್ತಿ ಕೂರಲ್ಲ. ಕೊಕ್ಕೆ ಮುರಿದಿದ್ರೆ, ಬಾಗಿಲು ಜೋತುಬಿದ್ದಿದ್ರೆ ಓವನ್ ಬಳಸಲೇಬೇಡಿ. ಎಲ್ಲ ಸರಿಯಿದ್ರೆ ಮತ್ತೆ ಪ್ಲಗ್ ಹಾಕಿ, ಒಂದು ಗಾಜಿನ ಲೋಟದಲ್ಲಿ ನೀರಿಟ್ಟು 1 ನಿಮಿಷ ಓಡಿಸಿ ನೋಡಿ.

ಇನ್ನೂ ತಣ್ಣಗೇ ಇದೆಯಾ? ದಯವಿಟ್ಟು ಹೊರಗಿನ ಕವರ್ ಬಿಚ್ಚಬೇಡಿ. ಒಳಗಿನ ಕೆಪಾಸಿಟರ್‌ನಲ್ಲಿ ಪ್ಲಗ್ ತೆಗೆದ ಮೇಲೂ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು. ಕಿಂಡಿಗೆ ಸ್ಕ್ರೂಡ್ರೈವರ್ ತೂರಿಸೋದೂ ಬೇಡ. ಮೆಕ್ಯಾನಿಕ್ ಬಂದಾಗ, "ಮ್ಯಾಗ್ನೆಟ್ರಾನ್ ಬದಲಿಸೋ ಮುಂಚೆ ಡೋರ್ ಸ್ವಿಚ್ ಚೆಕ್ ಮಾಡಿ" ಅಂತ ಹೇಳಿ. ಸ್ವಿಚ್ಚಿನ ಬೆಲೆ ಅದಕ್ಕಿಂತ ತುಂಬಾ ಕಡಿಮೆ.