ಅಮೆರಿಕೆಗೆ ಹೊರಟ ಹಿರಿಯರಿಗೆ

ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ಕಾಣಲೆಂದೋ ಅಮೆರಿಕೆಗೆ ತೆರಳುವ ತಂದೆತಾಯಿಗಳು ಇಂದು ಅನೇಕ ಮನೆಗಳಲ್ಲಿದ್ದಾರೆ. ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟಿಕೊಳ್ಳುವಾಗಿನ ಶ್ರದ್ಧೆಯನ್ನು ಅವರು ಔಷಧಿ ಹಾಗೂ ಕಾಗದಪತ್ರಗಳ ವಿಷಯದಲ್ಲಿಯೂ ವಹಿಸುವುದು ಅವಶ್ಯ.

ರಕ್ತದೊತ್ತಡದ ಮಾತ್ರೆಯೂ ಅಲ್ಲಿ ವೈದ್ಯರ ಚೀಟಿಯಿಲ್ಲದೆ ದೊರೆಯದು. ನಮ್ಮೂರಿನ ಚೀಟಿ ಅಲ್ಲಿ ನಡೆಯುವುದಿಲ್ಲ. ಸಾಮಾನ್ಯವಾಗಿ 90 ದಿನಗಳಿಗೆ ಸಾಲುವಷ್ಟು ಔಷಧಿ ಒಯ್ಯಬಹುದು. ಮಾತ್ರೆಗಳನ್ನು ಮೂಲ ಹೊದಿಕೆಯಿಂದ ಬಿಡಿಸದೆ, ಇಂಗ್ಲಿಷಿನಲ್ಲಿ ಬರೆಸಿದ ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ ಇರಿಸಿಕೊಳ್ಳಿರಿ. ಕಂಪನಿಯ ಹೆಸರು ಅಲ್ಲಿ ಬೇರೆಯಿರಬಹುದಾದ್ದರಿಂದ ಔಷಧಿಯ ಮೂಲನಾಮವನ್ನೂ ಬರೆಸಿರಿ.

ಆಸ್ಪತ್ರೆಯ ವೆಚ್ಚ ಅಲ್ಲಿ ಅತಿ ದುಬಾರಿ. ವಿಮೆಯಿಲ್ಲದೆ ಹೊರಡುವುದೆಂದರೆ ಮಕ್ಕಳ ಹೆಗಲಿಗೆ ಸಾಲ ಹೊರಿಸಿದಂತೆ. ಮೊದಲೇ ಇರುವ ಸಕ್ಕರೆ ಕಾಯಿಲೆ, ಹೃದ್ರೋಗಗಳು ಹಠಾತ್ತನೆ ಉಲ್ಬಣಿಸಿದರೆ ವಿಮೆ ಅನ್ವಯಿಸುವುದೇ ಎಂಬುದನ್ನು ಮಕ್ಕಳಿಂದ ಓದಿಸಿ ತಿಳಿದುಕೊಳ್ಳಿರಿ. ತುರ್ತು ಸಂದರ್ಭದಲ್ಲಿ ಕರೆಯಬೇಕಾದ ಸಂಖ್ಯೆ 911.

ಹತ್ತು ವರ್ಷಗಳ ವೀಸಾ ದೊರೆತರೆ ಹತ್ತು ವರ್ಷ ಅಲ್ಲಿರಬಹುದೆಂದು ಅರ್ಥವಲ್ಲ. ಎಷ್ಟು ದಿನ ಇರಬಹುದೆಂಬುದನ್ನು ವಿಮಾನ ನಿಲ್ದಾಣದ ಅಧಿಕಾರಿ ನಿರ್ಧರಿಸುತ್ತಾರೆ. ಸಾಮಾನ್ಯವಾಗಿ ಅದು ಆರು ತಿಂಗಳು. ಐ-94 ಎಂಬ ದಾಖಲೆಯಲ್ಲಿ ಆ ದಿನಾಂಕವನ್ನು ನೋಡಿಕೊಳ್ಳಿರಿ. ಅವಧಿ ಮೀರಿ ಉಳಿದರೆ ಆ ವೀಸಾ ರದ್ದಾಗುತ್ತದೆ; ಮೊಮ್ಮಕ್ಕಳನ್ನು ಮತ್ತೆ ಕಾಣುವ ದಾರಿಯೇ ಮುಚ್ಚಬಹುದು.

ಒಯ್ಯುವ ತಿನಿಸನ್ನೆಲ್ಲ ಸುಂಕದವರ ಮುಂದೆ ಮುಚ್ಚಿಡದೆ ಹೇಳಿರಿ. ಹೇಳಿದ ವಸ್ತುವನ್ನು ತೆಗೆದಿರಿಸಿಕೊಳ್ಳಬಹುದು. ಮುಚ್ಚಿಟ್ಟರೆ ದಂಡ ತೆರಬೇಕಾದೀತು. ಹಸಿ ಹಣ್ಣು, ಕರಿಬೇವು, ಬಿತ್ತನೆ ಬೀಜಗಳನ್ನು ಮನೆಯಲ್ಲಿಯೇ ಬಿಡುವುದು ಲೇಸು.

ಇಷ್ಟು ಸಿದ್ಧತೆಯಿದ್ದರೆ ಮಕ್ಕಳಿಗೆ ಭಾರವಾಗದೆ, ಮೊಮ್ಮಕ್ಕಳೊಡನೆ ನೆಮ್ಮದಿಯಿಂದ ದಿನ ಕಳೆದು ಬರಬಹುದು.